ಹತ್ತು ಪೆನ್ನಿಯ ಕುಸ್ತಿ

ಓಲ್ಡಮ್ಮಿನ ಆ ಬಾಡಿಗೆ ಟೀವಿಗೆ ಬೆನ್ನಲ್ಲೊಂದು ಡಬ್ಬಿ.
ಹತ್ತು ಪೆನ್ನಿ ನುಂಗಿದರೆ ಒಂದಷ್ಟು ಹೊತ್ತು ಲೋಕ,
ಇಲ್ಲದಿದ್ದರೆ ಬೂದುಗಾಜಿನಲ್ಲಿ ನಮ್ಮದೇ ಮುಖ.
ತಿಂಗಳಿಗೊಮ್ಮೆ ಕಂಪನಿಯವನು ಬಂದು, ಡಬ್ಬಿ ಬಿಚ್ಚಿ,
ಊಟದ ಮೇಜಿನ ಮೇಲೆ ಚಿಲ್ಲರೆ ಗುಡ್ಡೆ ಹಾಕಿ ಎಣಿಸುವನು;
ಹೆಚ್ಚು ಬಿದ್ದದ್ದನ್ನು ಅಮ್ಮನ ಕಡೆ ಸರಿಸುವನು,
ತನ್ನ ಜೇಬಿನದನ್ನೇ ಕೊಟ್ಟವನ ಹಾಗೆ.

ಶನಿವಾರ ನಾಲ್ಕಕ್ಕೆ ಪಕ್ಕದ ಮನೆ ಮಿಸೆಸ್ ಕ್ಲೆಗ್
ಹೆಣಿಗೆ ಚೀಲ, ಕಟ್ಟುಹಲ್ಲು, ಪೆಪ್ಪರಮಿಂಟು ಸಮೇತ ಹಾಜರು.
ಚರ್ಚಿನಲ್ಲಿ ಕೆಮ್ಮುವುದಕ್ಕೂ ನಾಚುವ ಹೆಂಗಸು
ಗಂಟೆ ಬಾರಿಸಿತೋ, ಸೂಜಿ ಎತ್ತಿ,
"ಕಿವಿ ಕಿತ್ತು ಕೈಗೆ ಕೊಡು, ಸಿರಿಲ್!"
ಮಹಡಿಯಲ್ಲಿ ರಾತ್ರಿಪಾಳಿ ಮುಗಿಸಿದ ಅಮ್ಮನ ನಿದ್ದೆ.
ಹಾಗಾಗಿ ನಾವು ಕಿರುಚುವುದೂ ಪಿಸುದನಿಯಲ್ಲಿ.

ಒಂದು ಸಲ ಸಿರಿಲ್ ಗ್ರಿಮ್‌ಶಾಗೆ ಎದುರಾಗಿ ಬಂದವನು
ಮೈಸೂರ್ ಮಾಲರ್.
ಜರಿ ಪೇಟ. ಕಿವಿತನಕ ಮೀಸೆ. ಹೆಗಲ ಮೇಲೆ
ಯಾವುದೋ ಹೋಟೆಲಿನ ಕಿಟಕಿಪರದೆಯಂಥ ಶಲ್ಯ.
ಬಾಯಿ ತೆರೆದರೆ "ಗಾಬಾ ಡೂಬಾ ಹುಲ್ಲಾ."
ಅದು ಅವರ ಕಡೆಯ ಭಾಷೆ, ಎಂದ ವೀಕ್ಷಕ ವಿವರಣೆಯವನು.
ಸಭಾಂಗಣವಿಡೀ ಬೂ ಎಂದಿತು. ಮಿಸೆಸ್ ಕ್ಲೆಗ್ ಕೂಡ
ಬೂ ಎನ್ನಲು ತುಟಿ ದುಂಡಗೆ ಮಾಡಿ,
ನನ್ನತ್ತ ತಿರುಗಿ, ಪೆಪ್ಪರಮಿಂಟು ಚಾಚಿದಳು.

ಮೆಟ್ಟಿಲು ಹತ್ತಿ ಓಡಿದೆ: "ಅಮ್ಮಾ, ನಿಮ್ಮೂರೋನು!"
ಮಂಡಿ ಮೊಹಲ್ಲಾದ ದಯಾಮಣಿ ಕಂಬಳಿ ಸುತ್ತಿಕೊಂಡೇ ಇಳಿದು
ಕಣ್ಣುಜ್ಜುವಷ್ಟರಲ್ಲಿ, ಗ್ರಿಮ್‌ಶಾ ಅವನನ್ನು
ಅನಾಮತ್ತಾಗಿ ಎತ್ತಿ ಕುಕ್ಕಿದ. ಅರ್ಧ ಮೀಸೆ ಕಳಚಿ
ಕ್ಯಾನ್ವಾಸಿನ ಮೇಲೆ ಜಿರಲೆಯ ಹಾಗೆ ಕೂತಿತು.
"ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರೆ,
ಇಲ್ಲಿ ಮೀಸೆಯೇ ಬಿತ್ತಲ್ಲೇ!"
ಆ ಚಳಿಗಾಲದಲ್ಲಿ ಅಮ್ಮ ನಕ್ಕದ್ದು ಅದೇ ಮೊದಲು.
ಗಾದೆಯನ್ನು ಇಂಗ್ಲಿಷಿಗೆ ತಿರುಗಿಸಿದ್ದು
ಮಿಸೆಸ್ ಕ್ಲೆಗ್‌ಗೆ ಕ್ಷೌರದ ಮಾತಾಗಿ ಕೇಳಿಸಿತು.
ಆಮೇಲೆ ಅಮ್ಮ ಗಾಜಿನ ಹತ್ತಿರ ಬಾಗಿ,
"ಬಾಕಿಯೆಲ್ಲ ನಾಟಕ. ಆ ಮೊಣಕಾಲು ಮಾತ್ರ ನಿಜ."

ಬುಧವಾರ ಅವನು ಅವಳ ವಾರ್ಡಿಗೇ ಬಂದ.
ಹೆಸರು ವಿಲ್ಫ್ರೆಡ್ ಎಂಟ್‌ವಿಸ್ಲ್. ಸಾಲ್ಫರ್ಡಿನವನು,
ವಾರದ ದಿನಗಳಲ್ಲಿ ಕಲ್ಲಿದ್ದಲು ಹೊರುವವನು.
ಬಳಿದುಕೊಂಡ ಕಂದು ಕಿವಿಯ ಹಿಂದೆ ಇನ್ನೂ ಉಳಿದಿತ್ತಂತೆ,
ಅಮ್ಮನೇ ಸ್ಪಿರಿಟ್ ಹತ್ತಿಯಲ್ಲಿ ಒರೆಸಿದಳಂತೆ.
ಎಲ್ಲಿಯವರು ಸಿಸ್ಟರ್, ಎಂದನಂತೆ. ಹೇಳಿದಳಂತೆ.
ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡನಂತೆ.
ಒಂಬತ್ತು ರಾತ್ರಿ ಅಲ್ಲಿದ್ದ.
ಉಳಿದದ್ದನ್ನು ಅಮ್ಮ ಹೇಳಲಿಲ್ಲ.

ವಸಂತದಲ್ಲಿ, ಅಂದರೆ ಮಳೆ ತುಸು ಬೆಚ್ಚಗಾದಾಗ,
ಮಾಲರ್ ಮತ್ತೆ ಬಂದ. ಹೊಸ ಮೀಸೆ, ಸಣ್ಣ ಕುಂಟು.
ಹಗ್ಗ ಜಗ್ಗಿ, ಕಣ್ಣು ಮೇಲಕ್ಕೆ ತಿರುಗಿಸಿ,
ಕೊಡೆ ಬೀಸುತ್ತಿದ್ದ ಮುಂಸಾಲಿನ ಅಜ್ಜಿಯರಿಗೆ ಬೆರಳು ತೋರಿ
ಗಂಟಲು ಹರಿಯುವಂತೆ ಗುಡುಗಿದ:
"ಊಟಾ ಆಯ್ತಾ?"
ಬೂ ಎಂದಿತು ಇಡೀ ಇಂಗ್ಲೆಂಡು.
"ಏನ್ ಸಾರು? ಏನ್ ಸಾರು?" ತೊಡೆ ತಟ್ಟಿದ.
ಮಿಸೆಸ್ ಕ್ಲೆಗ್ ಎದೆ ಮುಟ್ಟಿಕೊಂಡಳು,
ದೇವರೇ, ಎಂಥ ಹೊಲಸು ಬೈಗುಳವೋ!
ಅಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.
ಭುಜ ಕುಲುಕುತ್ತಿತ್ತು. ನಗುವೋ, ಇನ್ನೊಂದೋ,
ನಾನು ತಿರುಗಿ ನೋಡಲಿಲ್ಲ;
ಗ್ರಿಮ್‌ಶಾ ಮೂಲೆಗಂಬ ಹತ್ತಿ ಆಗಷ್ಟೇ ಹಾರಿದ್ದ.

ಡಬ್ಬಿ ಟಕ್ ಎಂದಿತು.
ಬೆಳಕೆಲ್ಲ ಮುದುಡಿ, ಸಾಸಿವೆ ಕಾಳಾಗಿ,
ಆರಿತು.

ಯೂನಿಫಾರಂ ಜೇಬು, ಸೋಫಾದ ಸಂದು, ಹೆಣಿಗೆ ಚೀಲ,
ಮೂವರೂ ನೆಲಕ್ಕೆ ಮೊಣಕಾಲೂರಿ ಹುಡುಕಿದೆವು.
ಸಿಕ್ಕಿದ್ದು ಐದು ಪೆನ್ನಿ, ಒಂದು ಕೋಟಿನ ಗುಂಡಿ.

ಹಳೇ ಕುಸ್ತಿಗಳೆಲ್ಲ ಈಗ ಸಿಗುತ್ತವೆ, ಹುಡುಕಿ ಕೊಡಲಾ,
ಎಂದು ಮಗಳು ಕೇಳುತ್ತಾಳೆ. ಬೇಡ ಅನ್ನುತ್ತೇನೆ.
ಗ್ರಿಮ್‌ಶಾ ಇನ್ನೂ ಗಾಳಿಯಲ್ಲಿದ್ದಾನೆ.
ಕೆಳಗೆ ವಿಲ್ಫ್ರೆಡ್, ಪ್ರಶ್ನೆ ಕೇಳಿ, ಬಾಯಿ ತೆರೆದುಕೊಂಡೇ.
"ಬಸ್ಸಾರು ಕಣಪ್ಪಾ," ಅಂದಿದ್ದಳು ಅಮ್ಮ,
ಮೊಣಕಾಲ ಮೇಲಿದ್ದುಕೊಂಡೇ, ಆ ಕತ್ತಲ ಗಾಜಿಗೆ.
ಅವತ್ತು ಮಧ್ಯಾಹ್ನ ನಾವು ತಿಂದದ್ದು
ಡಬ್ಬಿಯ ಬೀನ್ಸು, ಸೀದ ಟೋಸ್ಟು.